ವಕೀಲಬಾಯಿಯ ಕರಿ ಕೋಟು

ನಾಗರ ಪಂಚಮಿಯ ಹಿಂದಿನ ದಿನ ನನ್ನ ಹೆಂಡತಿ ಟ್ರಂಕು ತೆಗೆದು, ಹಬ್ಬಕ್ಕೆ ಬಂದಿದ್ದ ನನ್ನ ತಂಗಿಗೆಂದು ತಂದಿದ್ದ ಸೀರೆ ಹೊರಗಿಟ್ಟಳು. ಡಾಂಬರು ಗುಳಿಗೆಯ ವಾಸನೆ ನಾಸಿಕದ ನಮ್ಮ ತಗಡಿನ ಮನೆಯನ್ನೆಲ್ಲ ತುಂಬಿತು. ತಂಗಿ ಸೀರೆ ಮೂಸಿ ನೋಡಿದಳು.

"ಆ ವಕೀಲಬಾಯಿ ಕೋಟೂ ಹಿಂಗ ನಾರತಿತ್ತು. ಆಕಿ ನೆಟ್ಟಗ ಕೇಸ್ ನಡಸಿದ್ರ ನನ್ನ ಕೂಸು ನನ್ನ ಕಡೆ ಇರತಿತ್ತು."

ವಕೀಲಬಾಯಿಯ ಆಫೀಸು ತಂಗಿಯ ಗಂಡನ ಊರಾದ ಸಂಭಾಜಿನಗರದಲ್ಲಿ, ಕೋರ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಬೇಸಿಗೆಯಲ್ಲಿ ಮಡಿಚಿಟ್ಟ ಕೋಟು ಮಳೆಗಾಲಕ್ಕೆ ಹೊರಬಂದಾಗ ಇದೇ ವಾಸನೆ. ಅವರ ತವರು ಕಲಬುರಗಿ ಕಡೆಯದು. ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಮೊದಲು ಹಿರಿಯ ವಕೀಲರೊಬ್ಬರ ಕೈಕೆಳಗೆ ಹೊಲದ ತಂಟೆಗಳನ್ನು ನೋಡುತ್ತಿದ್ದರಂತೆ. ಅಳುತ್ತ ಬಂದ ಹೆಂಗಸರನ್ನೆಲ್ಲ ಆ ಹಿರಿಯರು ಇವರ ಮೇಜಿಗೆ ಕಳಿಸಿ ಕಳಿಸಿ, ಕೊನೆಗೆ ಅದೇ ಇವರ ಕೆಲಸವಾಯಿತು... ಡೈವೋರ್ಸ್, ಜೀವನಾಂಶ, ಗಂಡನ ಮನೆಯಲ್ಲಿ ಇರುವ ಹಕ್ಕು, ಮಕ್ಕಳು ಯಾರ ಬಳಿ ಇರಬೇಕು ಎಂಬುದು. ಗಂಡ ಹೊಡೆದನೇ ಎಂದು ಮೊದಲಿಗೇ ಕೇಳುತ್ತಿರಲಿಲ್ಲ. ಕೂಸು ರಾತ್ರಿ ಎಚ್ಚರಾದರೆ ಯಾರನ್ನು ಕರೆಯುತ್ತದೆ ಎಂದು ಕೇಳುತ್ತಿದ್ದರು.

ತಂಗಿಯ ಗಂಡ ಅವಳನ್ನು ಮನೆಯಿಂದ ಹೊರಹಾಕಲು ನೋಡುತ್ತಿದ್ದ. ಕೋರ್ಟಿನ ಆದೇಶ ಬರುವವರೆಗೆ ಆ ಮನೆಯ ಹೊಸ್ತಿಲು ದಾಟಬೇಡ, ದಾಟಿದರೂ ಮಗಳನ್ನು ಬಿಟ್ಟು ದಾಟಬೇಡ ಎಂದು ವಕೀಲಬಾಯಿ ಹೇಳಿದ್ದನ್ನು ನಾನೂ ಕೇಳಿದ್ದೆ. ಆದರೆ ಆ ವರ್ಷದ ಪಂಚಮಿ ಬಂತು. ನಮ್ಮಲ್ಲಿ ಅಣ್ಣನಾದವನು ಹೋಗಿ ತಂಗಿಯನ್ನು ಕರೆತರಬೇಕು. ತರದಿದ್ದರೆ ಕಟ್ಟಡದ ಸೈಟಿನಲ್ಲಿ ನನ್ನೊಡನೆ ದುಡಿಯುತ್ತಿದ್ದ ನಮ್ಮೂರ ಜನ ಆಡಿಕೊಳ್ಳುತ್ತಿದ್ದರು. ತಂಗಿ ಒಲ್ಲೆ ಎಂದಳು. ಕೂಸಿಗೆ ಜ್ವರ, ಅದು ಇಲ್ಲೇ ಇರಲಿ ಎಂದಳು ಅವಳ ಅತ್ತೆ. ನಾಲ್ಕು ದಿನದ ಮಾತು ಎಂದು ನಾನೇ ಒತ್ತಾಯ ಮಾಡಿ ತಂಗಿಯನ್ನು ಬಸ್ಸು ಹತ್ತಿಸಿದೆ. ಪಂಚಮಿಯ ಜೋಕಾಲಿ ಕಟ್ಟಿಕೊಟ್ಟೆ.

ತಿರುಗಿ ಹೋದಾಗ ಮನೆಗೆ ಬೀಗ. ಕೂಸನ್ನು ಪೈಠಣದ ಸಂಬಂಧಿಕರ ಮನೆಗೆ ಸಾಗಿಸಿದ್ದರು. ಜ್ವರ ಬಂದ ಮಗಳನ್ನು ಬಿಟ್ಟು ತಾಯಿ ತಾನಾಗಿ ಹೋದಳು ಎಂದು ಕೋರ್ಟಿನಲ್ಲಿ ಹೇಳಿದರು.

ವಕೀಲಬಾಯಿ ನನ್ನನ್ನು ಬೈಯಲಿಲ್ಲ. "ಅಣ್ಣಾರ, ಕಟಕಟಿಯೊಳಗ ನಿಂತು ಇಷ್ಟ ಹೇಳ್ರಿ. ಪಂಚಮಿ ಇತ್ತು, ನಾನ ಕರಕೊಂಡು ಬಂದೆ ಅಂತ," ಎಂದರು. ಆಗಲಿ ಎಂದೆ.

ಸಾಕ್ಷಿ ಹೇಳಬೇಕಾದ ದಿನ ಕೋರ್ಟಿನ ಗೇಟಿನವರೆಗೆ ಹೋದೆ. ನಾನು ಶಾಲೆಯಲ್ಲಿ ಓದಿದ್ದು ಎರಡನೇ ಇಯತ್ತೆಯವರೆಗೆ. ಹಿಂದಿನ ತಾರೀಖಿನಲ್ಲಿ ಎದುರು ಪಕ್ಷದ ವಕೀಲ ಒಬ್ಬ ಸಾಕ್ಷಿಯನ್ನು ಮರಾಠಿಯಲ್ಲಿ ಪ್ರಶ್ನೆ ಕೇಳಿ ಕೇಳಿ ತೊದಲಿಸಿದ್ದ, ಜನ ನಕ್ಕಿದ್ದರು. ತಂಗಿ ಬೇಡವೆಂದರೂ ಯಾಕೆ ಕರೆತಂದೆ ಎಂದು ನನ್ನನ್ನು ಕೇಳಿದರೆ... ವರಾಂಡದಲ್ಲಿ ಕರಿ ಕೋಟಿನ ವಕೀಲಬಾಯಿ ಗೇಟಿನ ಕಡೆಗೇ ನೋಡುತ್ತಿದ್ದರು. ನಾನು ಚಹಾದ ಗಾಡಿಯ ಮರೆಯಲ್ಲಿ ನಿಂತೆ. ಆಮೇಲೆ ನಾಸಿಕದ ಬಸ್ಸು ಹತ್ತಿದೆ.

ಕೂಸು ಗಂಡನ ಮನೆಯವರ ಕಡೆಗೇ ಉಳಿಯಿತು. ನನ್ನ ಸಾಕ್ಷಿ ಬೇಡವೆಂದು ವಕೀಲಬಾಯಿಯೇ ಹೇಳಿದ್ದರು ಎಂದು ತಂಗಿಗೆ ಸುಳ್ಳು ಹೇಳಿದೆ. ಅವಳು ನನ್ನನ್ನು ಎಳೆದುಕೊಂಡು ಆಫೀಸಿಗೆ ಹೋಗಿ, ಹೌದೇನ್ರಿ ಎಂದು ಕೇಳಿದಳು. ಅವರು ನನ್ನನ್ನೊಮ್ಮೆ ನೋಡಿದರು.

"ಹೌದವ್ವ, ನಂದ ತಪ್ಪಾತು."

ತಂಗಿ ಆಡಬಾರದ ಮಾತು ಆಡಿದಳು. ನಾನು ನೆಲ ನೋಡುತ್ತಿದ್ದೆ. ಅವಳು ಮೆಟ್ಟಿಲಿಳಿದ ಮೇಲೆ ಕೈ ಮುಗಿಯಲು ಹೋದರೆ ವಕೀಲಬಾಯಿ ತಡೆದರು.

"ಆಕಿಗೆ ತವರು ಅಂತ ಉಳಿದಾವ್ರು ನೀವೊಬ್ಬರ. ಅದನ್ನೂ ನಾ ಕಸ್ಕೋಬೇಕೇನ್ರಿ?"

ಹೋದ ವರ್ಷ ಅವರನ್ನು ಕಾಣಲು ಹೋಗಿದ್ದೆ. ಬಾಗಿಲ ಮೇಲೆ ಬೇರೆಯವರ ಬೋರ್ಡು ಇತ್ತು. ಅವರು ತೀರಿಕೊಂಡು ಬಹಳ ದಿನವಾಯಿತು ಎಂದ ಚಹಾದವನು...

ಅದಕ್ಕೇ ಇರಬೇಕು, ಸೀರೆ ಮೂಸಿ ತಂಗಿ ಹಾಗೆಂದಾಗ ನನಗೆ ತಡೆಯಲಾಗಲಿಲ್ಲ. "ಅವರು ಸಾಕ್ಷಿಗೆ ಕರದಿದ್ರು. ಗೇಟಿನತನಕ ಬಂದು ನಾನ ಓಡಿಹೋದೆ," ಎಂದೆ.

ತಂಗಿ ಅಳಲಿಲ್ಲ. "ಅಂಥಾಕಿಗೆ ಎಂಥಾ ಮಾತಾಡಿದೆ ನಾ..." ಎಂದಳು. ಸೀರೆಯನ್ನು ಮಡಿಕೆ ಕೆಡದಂತೆ ಟ್ರಂಕಿನಲ್ಲಿಟ್ಟು ತನ್ನ ಚೀಲ ಎತ್ತಿಕೊಂಡಳು. ನಾನು ಚಪ್ಪಲಿ ಮೆಟ್ಟಿ ಹಿಂದೆ ಹೊರಟರೆ, ಬರಬ್ಯಾಡ ಎಂದಳು. ಅವಳಿಗೆಂದು ಬೇವಿನ ಗಿಡಕ್ಕೆ ಕಟ್ಟಿದ್ದ ಜೋಕಾಲಿಯನ್ನು ಮುಟ್ಟದೆ ಸುತ್ತುಹಾಕಿ ಹೋದಳು.

ಹಬ್ಬ ಕಳೆದು ವಾರವಾಯಿತು. ಹಗ್ಗ ಬಿಚ್ಚು ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ.