ಬಸ್ಸಿನಲ್ಲಿ ಮುಗಿದ ಸಿನಿಮಾ

ಹೋದ ತಿಂಗಳು ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಹಾನಗಲ್ಲಿನ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು ಒಂದೇ ಮೊಬೈಲಿಗೆ ತಲೆ ಹಚ್ಚಿ ಏನನ್ನೋ ನೋಡುತ್ತಿದ್ದರು. ಯಾರೋ ಪುಣ್ಯಾತ್ಮ ಹಳೆಯ ಸಿನಿಮಾಗಳ ಅತಿ ಒಳ್ಳೆಯ ಹತ್ತು ದೃಶ್ಯಗಳನ್ನು ಆರಿಸಿ, ನಂಬರು ಕೊಟ್ಟು, ಒಂದರ ಹಿಂದೊಂದು ಪೋಣಿಸಿದ್ದ. ಪರರ ಮೊಬೈಲಿನೊಳಗೆ ಇಣುಕುವುದು ಸಭ್ಯತೆಯಲ್ಲ ಎಂಬುದು ನನಗೂ ಗೊತ್ತು. ಆದರೆ ಅರವತ್ತು ದಾಟಿದ ಮೇಲೆ ಕುತ್ತಿಗೆ ನಮ್ಮ ಮಾತು ಕೇಳುವುದಿಲ್ಲ. ಆರನೆಯ ನಂಬರಿಗೆ, ಮಣ್ಣಿನ ರಸ್ತೆಯಲ್ಲಿ ಒಬ್ಬ ಹೆಂಗಸು ಕಬ್ಬಿಣದ ಟ್ರಂಕು ಹಿಡಿದು ನಡೆದು ಬರುವುದು ಕಾಣಿಸಿತು. ಆ ಹೆಂಗಸಿನ ಗುರುತು ನನಗೆ ಸಿಕ್ಕಿತು. ಅಷ್ಟರಲ್ಲಿ ಹುಡುಗಿ ಬೆರಳಿನಿಂದ ಅದನ್ನು ಮೇಲೆ ಸರಿಸಿಬಿಟ್ಟಳು.

"ಯವ್ವಾ, ಅದರ ಮುಂದಿಂದು ಐತೇನು?" ಎಂದು ನಾನು ನಾಚಿಕೆ ಬಿಟ್ಟು ಕೇಳಿದೆ.

"ಪೂರಾ ಸಿನಿಮಾನ ಐತ್ರಿ ಅಜ್ಜಾರ. ನಿಮ್ಮ ಮೊಬೈಲ್ ಕೊಡ್ರಿ, ಹುಡಿಕಿ ಕೊಡ್ತೇನಿ" ಎಂದಳು.

ಅಜ್ಜ ಎಂದು ಕರೆಸಿಕೊಂಡ ನೋವನ್ನು ನುಂಗಿ ಮೊಬೈಲು ಕೊಟ್ಟೆ. ಅರ್ಧ ನಿಮಿಷದಲ್ಲಿ ಹುಡುಕಿ ಕೈಗಿಟ್ಟಳು. ನಲವತ್ತು ವರ್ಷಗಳಿಂದ ನಾನು ನೋಡದೆ ಉಳಿಸಿದ್ದ ಕೊನೆಯ ಅರ್ಧ ತಾಸು ಅದರಲ್ಲಿತ್ತು. ನೋಡದೆ ಉಳಿಸಿದ್ದು ಯಾಕೆ ಎಂದು ನೀವು ಕೇಳಿದರೆ, ಮೊದಲು ಹುಲಗೂರಿನ ಬಸ್ಸಿನ ವಿಷಯ ಹೇಳಬೇಕಾಗುತ್ತದೆ.

ನಮ್ಮೂರು ಹುಲಗೂರು. ಊರಲ್ಲಿ ದರ್ಗಾ ಇತ್ತು, ಸಂತೆ ಇತ್ತು, ಟಾಕೀಸು ಇರಲಿಲ್ಲ. ಸಿನಿಮಾ ನೋಡಬೇಕೆಂದರೆ ಸವಣೂರಿಗೆ ಹೋಗಬೇಕು. ಅಲ್ಲಿ ತಗಡಿನ ಮಾಡಿನ ಒಂದು ಟಾಕೀಸು. ಮಧ್ಯಾಹ್ನದ ಆಟ ಮೂರಕ್ಕೆ ಶುರುವಾಗಿ ಆರು ದಾಟಿದ ಮೇಲೆ ಮುಗಿಯುತ್ತಿತ್ತು. ನಮ್ಮೂರಿಗೆ ಕೊನೆಯ ಬಸ್ಸು ಆರಕ್ಕೆ ಕಾಲು ತಾಸು ಇರುವಾಗಲೇ ಹೊರಟುಬಿಡುತ್ತಿತ್ತು. ಅದು ತಪ್ಪಿದರೆ ಮಾರನೆಯ ದಿನ ಬೆಳಿಗ್ಗೆಯೇ ಗತಿ. ಹೀಗಾಗಿ ಹುಲಗೂರಿನವರು ಯಾರೂ ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಐದೂವರೆ ಆಗುತ್ತಲೇ ಕತ್ತಲಲ್ಲಿ ಹತ್ತಿಪ್ಪತ್ತು ಜನ ಧೋತರ, ಲುಂಗಿ, ಚೀಲ ಸಾವರಿಸಿಕೊಂಡು ಎದ್ದು ನಿಲ್ಲುತ್ತಿದ್ದೆವು. ಸವಣೂರಿನವರು ಹಿಂದಿನಿಂದ, "ಹುಲಗೂರ್ ಮಂದಿ ಎದ್ರು. ಇನ್ನ ಚಲೋ ಸೀನ್ ಬರ್ತೈತಿ, ಸುಮ್ನ ಕುಂದರ್ರಿ" ಎಂದು ನಗುತ್ತಿದ್ದರು. ಅವರ ಮಾತು ಸುಳ್ಳಾದದ್ದು ಕಡಿಮೆ.

ಉಳಿದ ಸಿನಿಮಾ ಬಸ್ಸಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಹೆಂಗಸರು, ಮುದುಕರು ಕತೆಗಾಗಿ ಕಾಯುತ್ತಿರುತ್ತಾರಲ್ಲ, ಅವರಿಗೆ ಕೊನೆಯೇ ಇಲ್ಲದ ಕತೆ ಹೇಳುವುದು ಹೇಗೆ? ಊರು ಮುಟ್ಟುವುದರೊಳಗೆ ಎಲ್ಲರೂ ಸೇರಿ ಒಂದು ಕೊನೆಯನ್ನು ಗಟ್ಟಿ ಮಾಡಬೇಕು, ಎಲ್ಲ ಮನೆಗಳಲ್ಲೂ ಅದನ್ನೇ ಹೇಳಬೇಕು ಎಂಬುದು ರೂಢಿ. ಗಾದಿ ಹೊಲಿಯುವ ಮಾಬುಸಾಬ ನಮ್ಮ ಪಂಚರಲ್ಲಿ ಹಿರಿಯ. ಯಾರಾದರೂ ನಾಯಕಿಯನ್ನು ಸಾಯಿಸಲು ಹೊರಟರೆ, "ಅಕೀನ್ನ ಕೊಲ್ಲಬ್ಯಾಡ್ರೋ ಯಪ್ಪಾ, ನಮ್ಮಕಿ ಮೂರ ದಿನಾ ರೊಟ್ಟಿ ಬಡಿಯೂದಿಲ್ಲ" ಎಂದು ಕೈಮುಗಿಯುತ್ತಿದ್ದ. ನಾಯಕಿ ಬದುಕಿಕೊಳ್ಳುತ್ತಿದ್ದಳು. ಕಂಡಕ್ಟರು ಕೂಡ ಟಿಕೆಟು ಹರಿಯುವುದನ್ನು ನಿಲ್ಲಿಸಿ ಖಳನಾಯಕನಿಗೆ ತಕ್ಕ ಶಿಕ್ಷೆ ಸೂಚಿಸುತ್ತಿದ್ದ.

ಈಗಿನ ಹುಡುಗರು ದೃಶ್ಯಗಳಿಗೆ ನಂಬರು ಕೊಡುತ್ತಾರೆ. ನಮಗೆ ಒಳ್ಳೆಯ ದೃಶ್ಯ ಗೊತ್ತಾಗುತ್ತಿದ್ದದ್ದು ಕಿವಿಯಿಂದ. ಟಾಕೀಸಿನ ತುಂಬ ಜನ ಸವಣೂರಿನ ಖಾರ ಎಂಬ ಕುರುಕಲು ತಿಂಡಿಯ ಪೊಟ್ಟಣ ಬಿಚ್ಚಿಕೊಂಡು ಕುಳಿತಿರುತ್ತಿದ್ದರು. ಹಾಡು ಬರಲಿ, ಹೊಡೆದಾಟ ಬರಲಿ, ಕಾಗದದ ಸಪ್ಪಳ ನಡೆದೇ ಇರುತ್ತಿತ್ತು. ಎಲ್ಲೋ ಒಂದು ಕಡೆ ಆ ಸಪ್ಪಳ ಒಮ್ಮೆಲೇ ನಿಂತುಹೋಗುವುದು. ಬಾಯಿಗೆ ಹೊರಟ ಕೈ ಅಲ್ಲೇ ತಡೆದಿರುವುದು. ಅದೇ ಸಿನಿಮಾದ ಒಳ್ಳೆಯ ದೃಶ್ಯ. ಅಲ್ಲಿ ದೊಡ್ಡ ಮಾತೇನೂ ಇರುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಮಾಡದ ಒಂದು ಸಣ್ಣ ಕೆಲಸವನ್ನು ಪರದೆಯ ಮೇಲೆ ಯಾರೋ ಮಾಡುತ್ತಿದ್ದರು, ಅಷ್ಟೇ. ಮಗನ ಮುಂದೆ ಅಪ್ಪ ತಪ್ಪಾಯಿತು ಎನ್ನುವುದು, ಅತ್ತೆ ಸೊಸೆಗೆ ಮೊದಲು ಬಡಿಸುವುದು, ಇಂಥವು. ಇಪ್ಪತ್ತರ ವಯಸ್ಸಿಗೆ ನಾನು ಈ ಗುಟ್ಟನ್ನು ಕಂಡುಹಿಡಿದುಕೊಂಡಿದ್ದೆ. ಕಂಡುಹಿಡಿದೆನೆಂದು ಬೀಗುತ್ತಲೂ ಇದ್ದೆ. ಊರಲ್ಲಿ ನನ್ನಷ್ಟು ಚೆನ್ನಾಗಿ ಸಿನಿಮಾ ಹೇಳುವವರಿಲ್ಲ ಎಂದು ಹೆಸರಾಗಿತ್ತು.

ಆ ಬೇಸಗೆಯಲ್ಲಿ ನನ್ನ ಅಕ್ಕ ನೀಲಕ್ಕ ತವರಿಗೆ ಬಂದು ಕುಳಿತಿದ್ದಳು. ಅವಳನ್ನು ಹಿರೇಕೆರೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟು ಆರು ವರ್ಷವಾಗಿತ್ತು. ಹಬ್ಬಕ್ಕೆ ಬಂದವಳಲ್ಲ, ಹೆರಿಗೆಗೆ ಬಂದವಳಲ್ಲ. ಟ್ರಂಕು ತೆಗೆದುಕೊಂಡು ಒಬ್ಬಳೇ ಬಸ್ಸು ಹತ್ತಿ ಬಂದವಳು. ಗಂಡ ಅವಳೊಡನೆ ಮಾತಾಡುತ್ತಿರಲಿಲ್ಲ. ಉಣ್ಣಲು ಕೂಡುವಾಗ ತಾಟು ಸಪ್ಪಳ ಮಾಡುವುದು, ನೀರು ಬೇಕಾದರೆ ತಂಬಿಗೆ ಕುಕ್ಕುವುದು, ಅಷ್ಟೇ ಅವನ ಭಾಷೆ. "ಗೋಡಿ ಜೋಡಿ ಸಂಸಾರ ಮಾಡಿದಂಗ ಆಗೈತಿ ಅವ್ವಾ, ನಾ ವಾಪಸ್ ಹೋಗೂದಿಲ್ಲ" ಎಂದಳು. ಅಪ್ಪ ಕಟ್ಟೆಯ ಮೇಲಿಂದಲೇ, "ಬಡಿಯೂದಿಲ್ಲ, ಕುಡಿಯೂದಿಲ್ಲ. ಮತ್ತೇನ್ ಬೇಕು ಇಕೀಗೆ?" ಎಂದ. ಎರಡು ತಿಂಗಳಾದರೂ ಅವಳು ಕದಲಲಿಲ್ಲ. ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರೂ ಅವಳು ಹೋಗುವುದನ್ನೇ ಕಾಯುತ್ತಿದ್ದರು. ಎಲ್ಲರೂ ಎಂದರೆ ನಾನೂ ಸೇರಿ. ದಾರಿಯಲ್ಲಿ ಜನ "ಅಕ್ಕ ಇನ್ನೂ ಇಲ್ಲೇ ಅದಾಳೇನೋ?" ಎಂದು ಕೇಳಿದಾಗ ನನಗೆ ಮೈಯೆಲ್ಲ ಮುಳ್ಳಾಗುತ್ತಿತ್ತು.

ಅಂಥದರಲ್ಲಿ ಈ ಸಿನಿಮಾ ಬಂತು. ಅದರಲ್ಲೂ ಒಬ್ಬ ಹೆಂಡತಿ, ಅದರಲ್ಲೂ ಒಂದು ಟ್ರಂಕು. ಗಂಡನ ಮನೆ ಬಿಟ್ಟವಳು ಕೊನೆಯಲ್ಲಿ ಬಸ್ಸಿಳಿದು, ಮಣ್ಣಿನ ರಸ್ತೆಯಲ್ಲಿ ನಡೆದು ಬಂದು, ಗಂಡನ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾಳೆ. ಕಾಗದದ ಸಪ್ಪಳ ನಿಂತುಹೋಯಿತು. ನಮ್ಮ ಬಸ್ಸಿನ ಹೊತ್ತೂ ಆಗಿಹೋಯಿತು. ಆವತ್ತು ನಾವು ಏಳಲಾರದೆ ಎದ್ದೆವು, ಹಿಂದೆ ನೋಡುತ್ತಲೇ ಹೊರಬಿದ್ದೆವು.

ಬಸ್ಸಿನಲ್ಲಿ ಪಂಚಾಯತಿ ಬಗೆಹರಿಯಲಿಲ್ಲ. ಒಬ್ಬ, ಗಂಡ ಕಾಲಿಗೆ ಬೀಳುತ್ತಾನೆ ಎಂದ. ಇನ್ನೊಬ್ಬ, ಹೊರಗೆ ದಬ್ಬುತ್ತಾನೆ ಎಂದ. ಮಾಬುಸಾಬ ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿ, "ಇದು ನನಗ ತಿಳೀವಲ್ದು. ನಾ ಏನೂ ಹೇಳೂದಿಲ್ಲ" ಎಂದುಬಿಟ್ಟ. ಊರು ಬಂದರೂ ಕೊನೆ ಸಿಗಲಿಲ್ಲ. ಎಲ್ಲರೂ ಸುಮ್ಮನೆ ಇಳಿದು ತಮ್ಮ ತಮ್ಮ ಮನೆಗೆ ಹೋದರು. ಆ ಮುದುಕನ ಹಾಗೆ ನಾನೂ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

ಅಕ್ಕ ಒಲೆಯ ಪಕ್ಕದಲ್ಲಿ ಕುಳಿತು ಕತೆ ಕೇಳಿದಳು. ಬಾಗಿಲ ತನಕ ಬಂದು ನಾನು ತಡೆದೆ. "ಮುಂದ ಏನಾತೋ ತಮ್ಮಾ?" ಎಂದಳು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಅವ್ವನ ಆ ನೋಟ ನನಗೆ ಅರ್ಥವಾಯಿತು. ನನ್ನ ಜಾಣತನಕ್ಕೂ ಒಂದು ಅವಕಾಶ ಬೇಕಾಗಿತ್ತು. ನಮ್ಮ ಕಡೆ ಹೊರಗಿನಿಂದ ಬಂದವರಿಗೆ ಕಾಲಿಗೆ ನೀರು ಕೊಡುವುದು ಹೆಂಗಸರ ಕೆಲಸ. ಗಂಡಸು ಕೊಡುವುದಿಲ್ಲ, ಹೆಂಡತಿಗಂತೂ ಕನಸಿನಲ್ಲೂ ಕೊಡುವುದಿಲ್ಲ. ನಾನು ಹೇಳಿದೆ: "ಅಂವ ಬಾಗ್ಲಾ ತಗದಾ. ಒಂದ ಮಾತೂ ಆಡ್ಲಿಲ್ಲ. ಒಳಗ ಹೋದಾ, ತಂಬಿಗಿ ನೀರು ತಂದಾ, ಬಗ್ಗಿ ಅಕೀ ಕಾಲ ಮುಂದ ಇಟ್ಟಾ. ಟ್ರಂಕ್ ತಾನ ಇಸ್ಕೊಂಡಾ."

ಅಕ್ಕ ಒಲೆಯೊಳಗಿನ ಕಟ್ಟಿಗೆಯನ್ನು ಮುಂದಕ್ಕೆ ನೂಕಿದಳು. ಆಮೇಲೆ, "ಖರೇನ?" ಎಂದಳು.

"ಖರೇನ ಅಕ್ಕಾ. ಕಣ್ಣಾರೆ ನೋಡೇನಿ."

ಮರುದಿನ ಮತ್ತೆ ಹೇಳಿಸಿದಳು, ಅದರ ಮರುದಿನ ಮತ್ತೊಮ್ಮೆ. ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ತಾನಾಗಿಯೇ ಟ್ರಂಕು ತುಂಬಿದಳು. ಅವ್ವ ಹಾಲು ಕಾಸಿ ನನಗೆ ಒಂದು ದೊಡ್ಡ ಲೋಟ ಹೆಚ್ಚಿಗೆ ಕೊಟ್ಟಳು. ಅದನ್ನು ನಾನು ಕುಡಿದೆ ಎಂಬುದನ್ನು ಇವತ್ತಿಗೂ ಮರೆಯಲಾರೆ.

ಅಲ್ಲಿ ಏನಾಯಿತು ಎಂಬುದನ್ನು ಅವಳು ಹೇಳಿದ್ದು ಬಹಳ ವರ್ಷಗಳ ಮೇಲೆ, ಅದೂ ನಗುತ್ತ. ಗಂಡ ಕಟ್ಟೆಯ ಮೇಲೆಯೇ ಕುಳಿತಿದ್ದನಂತೆ. ಇವಳನ್ನು ನೋಡಿ, ಒಳಗಿದ್ದ ತಾಯಿಗೆ "ಬಂದಾಳ ನೋಡ್ರಿ" ಎಂದು ಕೂಗಿ ಹೊಲಕ್ಕೆ ಹೋದನಂತೆ. "ನಾ ಹುಚ್ಚಿ, ಬಾಗಲದಾಗ ನಿಂತ ಇದ್ನಿ ತಮ್ಮಾ. ಅಂವ ಹಿತ್ತಲ ಕಡಿಂದ ನೀರು ತರಾಕ ಹೋಗ್ಯಾನ ಅಂತ ತಿಳದಿದ್ನಿ. ಬಿಸಲು ಏರಿತು. ಆಮ್ಯಾಲೆ ನಾನ ಒಳಗ ಹೋದ್ನಿ." ಆಮೇಲೆ ಆ ಮನುಷ್ಯ ಮೂವತ್ತೈದು ವರ್ಷ ಬದುಕಿದ. ಒಬ್ಬ ಮಗ ಹುಟ್ಟಿದ. ಮಾತು ಹುಟ್ಟಲಿಲ್ಲ. ಅವನು ಸತ್ತ ದಿನ ಅಕ್ಕ ಅಳಲಿಲ್ಲ ಎಂದು ಜನ ಆಡಿಕೊಂಡರು.

ಆದರೂ ಅವಳು ನನ್ನನ್ನು ಒಮ್ಮೆಯೂ ದೂರಲಿಲ್ಲ. ತಪ್ಪು ಸಿನಿಮಾದ್ದಲ್ಲ, ತನ್ನ ಹಣೆಬರಹದ್ದು ಎಂದು ತಿಳಿದಿದ್ದಳು. "ಅಕೀ ನಸೀಬ ಚಲೋ ಇತ್ತು, ಅಕೀಗೆ ಅಂಥ ಗಂಡ ಸಿಕ್ಕಾ" ಎನ್ನುತ್ತಿದ್ದಳು, ಆ ಟ್ರಂಕಿನ ಹೆಂಗಸು ಪಕ್ಕದ ಓಣಿಯಲ್ಲೇ ಇರುವವಳ ಹಾಗೆ. ತವರಿಗೆ ಬಂದಾಗಲೆಲ್ಲ, "ಆ ನೀರು ಕೊಡೂದು ಹೇಳು" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ತಂಬಿಗೆಗೆ ಹಿತ್ತಾಳೆಯ ಹೊಳಪು ಬಂತು, ಗಂಡನ ಕೈ ನಡುಗತೊಡಗಿತು. ಅಷ್ಟರಲ್ಲಿ ನನಗೆ ಹಾನಗಲ್ಲಿನ ಕೋರ್ಟಿನಲ್ಲಿ ಬೆರಳಚ್ಚಿನ ಕೆಲಸ ಸಿಕ್ಕಿತ್ತು. ಸಾಕ್ಷಿಗಳು ಆಡಿದ್ದನ್ನು ಆಡಿದ ಹಾಗೆಯೇ, ಒಂದಕ್ಷರ ಕೂಡಿಸದೆ ಬಡಿಯುವ ಕೆಲಸ. ದೇವರು ಎಲ್ಲಿ ಕೂಡಿಸಿ ನಗುತ್ತಾನೆ ನೋಡಿ.

ಶಿಗ್ಗಾವಿಯಿಂದ ಬಂದ ಮರುದಿನ ಮಧ್ಯಾಹ್ನ ಊಟ ಮುಗಿಸಿ ಆ ಉಳಿದ ಅರ್ಧ ತಾಸನ್ನು ನೋಡಿದೆ. ಬಾಗಿಲ ಮುಂದೆ ನಿಂತವಳಿಗೆ ಮೊದಲು ಹಳೆಯದೆಲ್ಲ ನೆನಪಾಗುತ್ತದೆ, ಕೊನೆಗೆ ಗಂಡ ಬಾಗಿಲು ತೆರೆಯುತ್ತಾನೆ. ಅವಳನ್ನು ನೋಡುತ್ತಾನೆ. ಬಾ ಎನ್ನದೆ, ಹೋಗು ಎನ್ನದೆ, ತಿರುಗಿ ಒಳಗೆ ನಡೆಯುತ್ತಾನೆ. ಅವಳು ತೆರೆದ ಬಾಗಿಲಿನೊಳಗೆ ಬಹಳ ಹೊತ್ತು ನೋಡುತ್ತಾಳೆ. ಕೆಳಗಿಟ್ಟಿದ್ದ ಟ್ರಂಕನ್ನು ಎತ್ತಿಕೊಳ್ಳುತ್ತಾಳೆ. ಬಂದ ದಾರಿ ಹಿಡಿದು ಹಿಂದಿರುಗಿ ನಡೆಯುತ್ತಾಳೆ. ಯಾರೂ ಕೂಗುವುದಿಲ್ಲ, ಅಲ್ಲಿಗೆ ಮುಗಿಯುತ್ತದೆ. ಆರನೆಯ ನಂಬರು ಕೊಟ್ಟವನಿಗೆ ಬುದ್ಧಿ ಇಲ್ಲ, ಅದು ಮೊದಲನೆಯದು. ಅಕ್ಕನ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ಸವಣೂರಿನಲ್ಲಿ ಕುಳಿತು ಅದನ್ನು ನೋಡಿರಬೇಕು. ಒಬ್ಬಳಾದರೂ ಎದೆಗಟ್ಟಿ ಮಾಡಿಕೊಂಡಿರಬೇಕು. ನನ್ನ ಅಕ್ಕನಿಗೆ ಮಾತ್ರ ನಾನು ಇದರ ತಿರುವುಮುರುವು ಹೇಳಿ ಬಸ್ಸು ಹತ್ತಿಸಿದ್ದೆ.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಹಿರೇಕೆರೂರಿಗೆ ಹೋಗಿ, ಅಲ್ಲಿಂದ ಅಕ್ಕನ ಊರು ಮುಟ್ಟಿದೆ. ಮಗ, ಸೊಸೆ ಒಳ್ಳೆಯವರೇ. ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಬಾಯಿಂದ ಹೇಳಲು ಧೈರ್ಯ ಸಾಲದೆ ಮೊಬೈಲು ಅವಳ ಮುಂದೆ ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ ಕೊನೆಯ ತನಕ ನೋಡಿದಳು.

"ಯಾವ ಸಿನಿಮಾನೋ ಇದು?"

"ನಾ ನಿನಗ ಹೇಳಿದ್ದು ಇದ ಅಕ್ಕಾ."

"ಅಲ್ಲ ಬಿಡು. ಅದ್ರಾಗ ಅಂವ ನೀರು ತರ್ತಾನಲ್ಲ."

"ತರೂದಿಲ್ಲ. ನಾ ಆವತ್ತ ಇದನ್ನ ನೋಡಿರ್ಲಿಲ್ಲ, ಬಸ್ಸಿಗೆ ಎದ್ದ ಬಂದಿದ್ನಿ. ನೀರಿಂದು ನಾನ ಹುಟ್ಟಿಸಿ ಹೇಳಿದ್ದು. ತಪ್ಪಾತು ಅಕ್ಕಾ."

ಬೈಯುತ್ತಾಳೆ ಎಂದುಕೊಂಡಿದ್ದೆ. ಹೊಡೆದರೂ ಸರಿ ಎಂದು ಸಿದ್ಧವಾಗಿ ಹೋಗಿದ್ದೆ. ಅವಳು ಮೊರದಲ್ಲಿದ್ದ ಒಂದು ಹರಳನ್ನು ಆರಿಸಿ ಅಂಗಳಕ್ಕೆ ಎಸೆದಳು.

"ಅಕಿ ಟ್ರಂಕ್ ತಗೊಂಡು ಎಲ್ಲಿಗೆ ಹೋದ್ಲು?"

"ಅದನ್ನ ತೋರಸೂದಿಲ್ಲ."

"ಹೋಗಾಕ ಅಕೀಗೆ ಎಲ್ಲ್ಯಾರ ಜಾಗಾ ಇತ್ತು ಅಂತಾತು" ಎಂದಳು. ನನ್ನನ್ನು ಚುಚ್ಚಲು ಆಡಿದ ಮಾತಲ್ಲ ಅದು, ಅವಳಿಗೆ ಚುಚ್ಚುವುದೇ ಗೊತ್ತಿಲ್ಲ. ಅದಕ್ಕೇ ಅದು ಇನ್ನೂ ಒಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳ ಕೈ ನಿಂತಿತು. ಮುಖ ಎತ್ತಿ, ಸಣ್ಣ ಹುಡುಗಿ ಕೇಳುವ ಹಾಗೆ ಕೇಳಿದಳು:

"ಹಂಗಾರ ಸಿನಿಮಾದಾಗೂ ಯಾರಿಗೂ ಹಂಗ ಆಗಿಲ್ಲನು?"

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಮೊರ ಬದಿಗಿಟ್ಟು ಒಳಗೆ ಹೋದಳು. ಸೊಸೆ ಚಹಾ ತಂದುಕೊಟ್ಟಳು. ನಾನು ಬಸ್ಸಿಗೆ ಏಳುವ ತನಕ ಅಕ್ಕ ಹೊರಗೆ ಬರಲಿಲ್ಲ.

ತನಗೆ ಆಗದಿದ್ದರೂ ಇನ್ನೊಬ್ಬಳಿಗೆ ಆಗಿದೆ ಎಂಬುದೊಂದು ಅವಳ ಬಳಿ ಇತ್ತು. ನನ್ನ ಮನಸ್ಸು ಹಗುರಾಗಲಿ ಎಂದು ಅದನ್ನೂ ಕಿತ್ತುಕೊಂಡು ಬಂದೆ, ಮನಸ್ಸೇನೂ ಹಗುರಾಗಲಿಲ್ಲ. ಹುಡುಗಿ ಹುಡುಕಿಕೊಟ್ಟ ಸಿನಿಮಾ ಇನ್ನೂ ಮೊಬೈಲಿನಲ್ಲಿದೆ. ಅದನ್ನು ಅಳಿಸುವುದು ನನಗೆ ಗೊತ್ತಿಲ್ಲ, ಯಾರನ್ನಾದರೂ ಕೇಳಲೂ ನಾಚಿಕೆ. ನಿನ್ನೆ ಬೆಳಿಗ್ಗೆ ಅಕ್ಕನಿಗೆ ಫೋನು ಹಚ್ಚಿದೆ. ಸೊಸೆ ಎತ್ತಿದಳು. ಒಳಗೆ ಯಾರೋ ಏನೋ ಮೆಲ್ಲಗೆ ಹೇಳಿದ್ದು ಕೇಳಿಸಿತು. "ಅತ್ತಿ ಮಲಗ್ಯಾರ್ರಿ ಮಾಮಾರ" ಎಂದಳು ಸೊಸೆ. ಆಗ ಹತ್ತು ಗಂಟೆ. ನನ್ನ ಅಕ್ಕ ಹಗಲು ಮಲಗಿದ್ದನ್ನು ನಾನು ಈವರೆಗೆ ನೋಡಿಲ್ಲ.