ಕೊಸರಿಗೆ ಬಂದ ಎತ್ತರ

ನಮ್ಮ ಹಳೇ ಎಸ್‌ಯುವಿಯನ್ನು ಎತ್ತರಿಸುವ ಹುಚ್ಚು ಮೊದಲು ಯಾರ ತಲೆಗೆ ಬಂತು ಎಂದು ಕೇಳಿದರೆ ಈಗ ಮನೆಯಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ನನ್ನ ಗಂಡ ನನ್ನ ಕಡೆ ಬೆರಳು ತೋರಿಸುತ್ತಾರೆ, ನಾನು ಕಾಲನಿಯ ಗೇಟಿನ ಕಡೆ ತೋರಿಸುತ್ತೇನೆ. ಕುಷಾಯಿಗೂಡದ ನಮ್ಮ ಕಾಲನಿಯ ಗೇಟಿನಲ್ಲಿ ಯಾವನೋ ಪುಣ್ಯಾತ್ಮ ಒಂದು ಹಂಪ್ ಹಾಕಿಸಿದ್ದ. ಹಂಪ್ ಅನ್ನುವುದಕ್ಕಿಂತ ಕಟ್ಟೆ ಅಂದರೆ ಸರಿ. ಖಾಲಿ ಗಾಡಿ ಹೇಗೋ ದಾಟುತ್ತಿತ್ತು. ತಿಂಗಳ ಸಾಮಾನು ತುಂಬಿಕೊಂಡು ಬಂದ ದಿನ ಮಾತ್ರ ಅದರ ಹೊಟ್ಟೆ ಕಟ್ಟೆಗೆ ಕರ್ರ್ ಎಂದು ಉಜ್ಜಿ, ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಹಾಗಾಗಿ ಗೇಟು ಬರುತ್ತಲೇ ಭಾರ ಕಡಿಮೆಯಾಗಲೆಂದು ಅತ್ತೆ ಇಳಿಯಬೇಕು, ಗಾಡಿ ಹಂಪ್ ದಾಟಬೇಕು, ಅವರು ನಡೆದು ಬಂದು ಮತ್ತೆ ಹತ್ತಬೇಕು. ಪ್ರತಿ ಸಲವೂ ಅವರು ವಾಚ್‌ಮನ್‌ಗೆ ಕೇಳಿಸುವ ಹಾಗೆ, "ಗಾಡಿ ಇದ್ದೂ ನಡಿಯೋ ಹಣೆಬರಹ ನೋಡಪಾ ನಂದು" ಎನ್ನುತ್ತಿದ್ದರು.

ಅತ್ತೆ ಬಾಗಲಕೋಟೆ ಕಡೆಯವರು. ಮಗನಿಗೆ ಇಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗಿನಿಂದ ನಮ್ಮ ಜೊತೆಗೇ ಇದ್ದಾರೆ. ನಮ್ಮಿಬ್ಬರಿಗೂ ಮನೆಯೊಳಗೆ ಅಷ್ಟಕ್ಕಷ್ಟೇ. ನಾನು ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿದರೆ ಅವರಿಗೆ ಹೆಚ್ಚಬೇಕಿತ್ತು, ಹೆಚ್ಚಿದರೆ ಜಜ್ಜಬೇಕಿತ್ತು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ತಿಂಗಳ ಎರಡನೇ ಶನಿವಾರ ನಾವಿಬ್ಬರೂ ಸಾಮಾನು ತರಲು ಬೇಗಂ ಬಜಾರ್‌ಗೆ ಹೊರಟೆವೆಂದರೆ ಬೇರೆಯೇ ಮನುಷ್ಯರಾಗುತ್ತಿದ್ದೆವು. ನಾನು ಗಾಡಿ ಓಡಿಸುವುದು, ಅವರು ಪಕ್ಕದ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂರುವುದು. ಇಬ್ಬರ ಕಣ್ಣೂ ರಸ್ತೆಯ ಮೇಲೆ. ಮುಖ ನೋಡುವ ಹಂಗಿಲ್ಲದ್ದಕ್ಕೋ ಏನೋ, ತಾರ್ನಾಕಾ ದಾಟುವಷ್ಟರಲ್ಲಿ ಮಾತು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ತಾವು ಹದಿನಾರಕ್ಕೆ ಮದುವೆಯಾಗಿ ಬಂದ ದಿನ ಹಿತ್ತಲಲ್ಲಿ ಕೂತು ಅತ್ತದ್ದು, ಒಮ್ಮೆ ಗಂಡನಿಗೆ ಹೇಳದೆ ಬಸ್ಸು ಹತ್ತಿ ತವರಿಗೆ ಹೋದದ್ದು, ಮಗನಿಗೂ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ನನಗೆ ಹೇಳಿದ್ದು ಆ ಸೀಟಿನಲ್ಲಿ. ನಾನೂ ನನ್ನವ್ವನಿಗೆ ಹೇಳದ್ದನ್ನು ಅವರಿಗೆ ಹೇಳಿದ್ದೇನೆ. ಮನೆಗೆ ಬಂದು ಸಾಮಾನು ಇಳಿಸಿದ ಮೇಲೆ ಮತ್ತೆ ಬೆಳ್ಳುಳ್ಳಿಯ ಜಗಳ ಇದ್ದೇ ಇರುತ್ತಿತ್ತು.

ಇನ್ನು ಬಜಾರಿನಲ್ಲಿ ಅವರದೇ ದರ್ಬಾರು. ಅವರ ದಖ್ಖನಿ ಉರ್ದು ಅರ್ಧ ಕನ್ನಡ, ಆದರೂ ಅಲ್ಲಿನ ಸೇಠುಗಳು ಅವರನ್ನು ಕಂಡರೆ ಎದ್ದು ಕೂರುತ್ತಿದ್ದರು. ರೇಟು ಕುದುರಿದ ಮೇಲೂ ಅವರು ಜಾಗ ಬಿಟ್ಟು ಕದಲುತ್ತಿರಲಿಲ್ಲ. "ಊಪರ್ ಸೇ ಕ್ಯಾ ದೇತೇ?" ಎಂದು ಕೊಸರು ಕೇಳಬೇಕು, ಸೇಠು ಗೊಣಗುತ್ತ ಒಂದು ಹಿಡಿ ಲವಂಗವನ್ನೋ ಒಂದು ತುಂಡು ಬೆಲ್ಲವನ್ನೋ ಮೇಲೆ ಹಾಕಬೇಕು. ಕೊಸರಿಲ್ಲದ ವ್ಯಾಪಾರ ಅವರ ಲೆಕ್ಕದಲ್ಲಿ ವ್ಯಾಪಾರವೇ ಅಲ್ಲ. ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಅದೇ ರೂಢಿಯಾಯಿತು.

ಅಂಥದೊಂದು ಶನಿವಾರ ವಾಪಸು ಬರುವಾಗ ಗ್ಯಾರೇಜುಗಳ ಗಲ್ಲಿಯೊಂದರಲ್ಲಿ ಗಾಡಿ ನಿಲ್ಲಿಸಿದೆ. ಅಂಗಡಿಯವನು ಕೆಳಗೆ ಬಗ್ಗಿ ನೋಡಿ, ಸ್ಪ್ರಿಂಗುಗಳು ವಯಸ್ಸಾಗಿ ಕೂತುಬಿಟ್ಟಿವೆ ಎಂದ. ಅದು ನನಗೂ ಗೊತ್ತಿತ್ತು. ಅಷ್ಟೇ ಎತ್ತರದ ಹೊಸ ಸ್ಪ್ರಿಂಗು ಹಾಕಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಆಸೆ ಹಚ್ಚಿದ. ಗಾಡಿಯನ್ನೇ ಎತ್ತರ ಮಾಡಿಬಿಡಿ ಅಮ್ಮಾ, ಹಂಪೂ ಇಲ್ಲ, ಮಳೆನೀರೂ ಇಲ್ಲ ಎಂದ. ಅದರಲ್ಲಿ ಮೂರು ತರಹ. ಹೊಸ ಸ್ಪ್ರಿಂಗು, ಉದ್ದನೆಯ ಶಾಕ್ ಅಬ್ಸಾರ್ಬರ್ ಎಲ್ಲ ಸೇರಿದ ಪೂರಾ ಕಿಟ್ ಒಂದು. ಅದರ ಬೆಲೆ ಕೇಳಿ ನಾನು ಗಾಡಿ ಸ್ಟಾರ್ಟ್ ಮಾಡಲು ಹೋದೆ. ಎರಡನೆಯದು ಸ್ಪೇಸರ್ ಎಂಬ ದಪ್ಪ ಬಳೆ, ಇದ್ದ ಸ್ಪ್ರಿಂಗಿಗೇ ಒತ್ತುಕೊಟ್ಟು ಎರಡು ಬೆರಳು ಮೇಲೆತ್ತುವಂಥದ್ದು, ತೀರ ಅಗ್ಗ. ಮೂರನೆಯದು ಇನ್ನೊಬ್ಬರ ಗಾಡಿಯಿಂದ ಬಿಚ್ಚಿಟ್ಟ, ಬಳಸಿದ ಎತ್ತರದ ಸ್ಪ್ರಿಂಗುಗಳ ಸೆಟ್ಟು. ಅದು ನಮ್ಮ ಕೈಗೆಟುಕುವಂತಿತ್ತು.

ನಾನು ಬಳೆಯೇ ಸಾಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಕಿಟಕಿಯ ಗಾಜು ಕೆಳಗಿಳಿಯಿತು.

"ಏನಂತಾನವಾ?" ಎಂದರು ಅತ್ತೆ. ವಿವರಿಸಿದೆ. ಸೀಟಿನಲ್ಲಿ ಕೂತೇ ವ್ಯಾಪಾರಕ್ಕಿಳಿದರು. ಬಳಸಿದ ಸೆಟ್ಟಿನ ಬೆಲೆ ಇಳಿಸಿದರು, ಇನ್ನಷ್ಟು ಇಳಿಸಿದರು. ಅವನು ಕೈಮುಗಿದು, ಇನ್ನು ನನ್ನಿಂದಾಗದು ಎಂದ. ಆಗ ಬಂತು ಅವರ ಖಾಯಂ ಪ್ರಶ್ನೆ, "ಊಪರ್ ಸೇ ಕ್ಯಾ ದೇತೇ?"

ಅವನು ನಕ್ಕುಬಿಟ್ಟ. ಬಳೆಗಳನ್ನೂ ಅದರ ಜೊತೆಗೇ ಹಾಕಿಕೊಡುತ್ತೇನೆ, ದೊಡ್ಡ ಅಳತೆಯ ಹಳೇ ಟೈರು ನಾಲ್ಕಿವೆ, ಅವನ್ನೂ ತಗೊಳ್ಳಿ ಎಂದ. ಇಷ್ಟೆತ್ತರ ನಮಗೆ ಬೇಡ ಅನ್ನಿಸಿತು ನನಗೆ. ಬಾಯಿ ಬಿಡುವಷ್ಟರಲ್ಲಿ ಅತ್ತೆ ನನ್ನ ತೊಡೆ ಚಿವುಟಿ, "ಸುಮ್ಮನಿರು, ಪುಕ್ಕಟೆ ಕೊಡಾಕತ್ತಾನ" ಎಂದರು. ನಾನು ಸುಮ್ಮನಾದೆ, ಅಷ್ಟೇ ಅಲ್ಲ, ಹೆಮ್ಮೆಪಟ್ಟೆ. ದಾರಿಯುದ್ದಕ್ಕೂ ಇಬ್ಬರೂ ಆ ಅಂಗಡಿಯವನ ಮುಖ ನೆನೆದು ನೆನೆದು ನಕ್ಕೆವು. ನನ್ನ ಜನ್ಮದಲ್ಲಿ ನಾನು ಅತ್ತೆಯ ಜೊತೆ ಅಷ್ಟು ನಕ್ಕ ದಿನ ಇನ್ನೊಂದಿಲ್ಲ.

ಮುಂದಿನ ವಾರ ಗಾಡಿ ತಯಾರಾಯಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ನನ್ನ ಗಂಡನಿಗೆ ಮಾತ್ರ ಸ್ವರ್ಗ ಮೂರೇ ಗೇಣು. ಹಂಪಿನ ಮೇಲೆ ಹಿಂದೆ ಮುಂದೆ ಓಡಿಸಿ ನೋಡಿದರು, ಅಕ್ಕಿಮೂಟೆ ಹೇರಿ ನೋಡಿದರು, ಬಗ್ಗಿ ಬಗ್ಗಿ ಗೇಣು ಹಾಕಿದರು. ಎಲ್ಲ ಪರೀಕ್ಷೆಯೂ ಆಯಿತು. ಎರಡನೇ ಶನಿವಾರ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು ಬಂದು ಗಾಡಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ದೃಷ್ಟಿ ತೆಗೆದರು. ನೋಡಲು ಪಕ್ಕದ ಮನೆಯ ಗಂಡಸರು, ವಾಚ್‌ಮನ್ನು ಎಲ್ಲ ಸೇರಿದ್ದರು. ಆಮೇಲೆ ಅತ್ತೆ ಗಾಡಿಯ ತಮ್ಮ ಕಡೆಯ ಬಾಗಿಲು ತೆಗೆದು ನಿಂತರು.

ಹತ್ತುವ ಮೆಟ್ಟಿಲು ಅವರ ಮೊಣಕಾಲಿಗಿಂತ ಮೇಲಿತ್ತು. ಅವರು ಕಾಲೆತ್ತಿದರು. ಸೀರೆಯ ನಿರಿಗೆ ಮೀನಖಂಡದ ತನಕ ಸರಿಯಿತು. ಅವರು ಸಟ್ಟನೆ ಕಾಲು ಇಳಿಸಿ ನಿರಿಗೆ ಸರಿಮಾಡಿಕೊಂಡರು. ಅವರ ಕಾಲಿನಲ್ಲಿ ಶಕ್ತಿ ಇತ್ತು. ಆದರೆ ಅಷ್ಟು ಗಂಡಸರ ಮುಂದೆ ಕಾಲೆತ್ತಿ ಏರುವ ಹೆಂಗಸು ಅವರಲ್ಲ.

"ನೀ ಹೋಗಿ ಬಾ. ನಾ ಒಲ್ಲೆ ಇವತ್ತ. ಒಲಿ ಮ್ಯಾಲೆ ಹಾಲು ಇಟ್ಟೀನಿ" ಎಂದರು.

ಒಲೆಯ ಮೇಲೆ ಹಾಲಿರಲಿಲ್ಲ. ಆಗಲೇ ಬಿಸಿಲೇರಿತ್ತು, ಅಕ್ಕಿ ಮುಗಿದಿತ್ತು, ತಡವಾದರೆ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ನಾನು ಹೊರಟೆ.

ಮುಂದಿನ ತಿಂಗಳು ನನ್ನ ಗಂಡ ಪ್ಲಾಸ್ಟಿಕ್ ಸ್ಟೂಲು ತಂದರು. ಅತ್ತೆ ಅದನ್ನು ನೋಡಿ, "ನಾನೇನು ಕುದುರಿ ಹತ್ತಾಕ ಹೊಂಟೀನೇನು?" ಎಂದು ಒಳಗೆ ಹೋದರು. ಇಲ್ಲಿ ಹೇಗೋ ಹತ್ತಿಸಬಹುದು, ಬೇಗಂ ಬಜಾರಿನ ಹಮಾಲರ ನಡುವೆ ಸ್ಟೂಲಿಟ್ಟು ಅವರನ್ನು ಇಳಿಸುವುದು ನನ್ನ ಕಲ್ಪನೆಗೂ ಬರಲಿಲ್ಲ. ಆಟೋ ಮಾಡೋಣ ಎಂದರೆ, ಮನೆಯಲ್ಲಿ ಆನೆಯಂಥ ಗಾಡಿ ಇಟ್ಟುಕೊಂಡು ಆಟೋಕ್ಕೆ ಯಾಕೆ ದುಡ್ಡು ಎಂದರು. ಬರಬರುತ್ತ ನಾವೂ ಕರೆಯುವುದನ್ನು ಬಿಟ್ಟೆವು. ಮಳೆಗಾಲ ಕಳೆಯಿತು, ಬೇಸಿಗೆ ಕಳೆಯಿತು. ನಾನು ರೇಡಿಯೊ ಹಾಕಿಕೊಂಡು ಒಬ್ಬಳೇ ಹೋಗಿ ಬರುತ್ತಿದ್ದೆ. ಗಾಡಿ ತಿರುವಿನಲ್ಲಿ ಓಲಾಡುತ್ತಿತ್ತು, ದೊಡ್ಡ ಟೈರು ಒಳಗೆಲ್ಲೋ ತಾಗಿ ಸದ್ದು ಮಾಡುತ್ತಿತ್ತು. ಪಕ್ಕದ ಸೀಟಿನ ಮೇಲೆ ಒಣಮೆಣಸಿನಕಾಯಿಯ ಚೀಲ ಇಡುವುದು ಅಭ್ಯಾಸವಾಯಿತು.

ಮನೆಯಲ್ಲಿ ಜಗಳವೂ ಕಡಿಮೆಯಾಯಿತು. ಅದು ಒಳ್ಳೆಯದೆಂದು ನಾನು ತಿಳಿದಿದ್ದೆ. ಒಂದು ಶನಿವಾರ ಸೇಠಿನ ಅಂಗಡಿಯಿಂದಲೇ ಫೋನ್ ಮಾಡಿ, ತೊಗರಿಬೇಳೆ ಈ ರೇಟಿಗೆ ತಗೊಳ್ಳಲಾ ಅತ್ತಿ ಎಂದು ಕೇಳಿದೆ. "ನಿನಗ ತಿಳಿದಂಗ ಮಾಡು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ, ಏನೂ ಇರಲಿಲ್ಲ. ಪರಿಚಯವಿಲ್ಲದವರ ಜೊತೆ ಮಾತಾಡಿದ ಹಾಗೆ ಮಾತಾಡಿ ಫೋನಿಟ್ಟರು. ಬೇಳೆ ತಗೊಳ್ಳದೆ ನೆಟ್ಟಗೆ ಗ್ಯಾರೇಜಿನ ಗಲ್ಲಿಗೆ ಹೋದೆ. ಸ್ಪ್ರಿಂಗು, ಬಳೆ, ಟೈರು ಎಲ್ಲ ಬಿಚ್ಚಿ ಮೊದಲಿನಂತೆ ಮಾಡಿಕೊಡು ಎಂದೆ. ನನ್ನ ಗಂಡ ಫೋನಿನಲ್ಲಿ ಕೂಗಾಡಿದರು. ನಾನೂ ಕೂಗಾಡಿದೆ, ನನ್ನ ದನಿ ಸ್ವಲ್ಪ ಜಾಸ್ತಿಯೇ ಇತ್ತು.

ಗಾಡಿ ತಗ್ಗಾಗಿ ಬಂತು. ಮುಂದಿನ ಎರಡನೇ ಶನಿವಾರ ನಾನು ಅತ್ತೆಯನ್ನು ಕರೆದೆ. "ಬ್ಯಾಡವಾ" ಎಂದರು. ಮತ್ತೆ ಕರೆದೆ, ಕೈ ಹಿಡಿದು ಎಳೆದೆ. ಸೀರೆ ಬದಲಿಸಿ ಬಂದು, ಬಾಗಿಲು ತೆಗೆದು, ಸಲೀಸಾಗಿ ಹತ್ತಿ ಕೂತರು. ನನಗೆ ಕಣ್ಣು ತುಂಬಿ ಬಂತು. ಎಲ್ಲ ಮೊದಲಿನಂತಾಯಿತು ಅಂದುಕೊಂಡೆ.

ಆಗಲಿಲ್ಲ. ತಾರ್ನಾಕಾ ದಾಟಿತು, ಕೋಠಿ ಬಂತು, ಅವರು ಬಾಯಿ ಬಿಡಲಿಲ್ಲ. ನಾನೇ ಏನೇನೋ ಹೇಳಿದೆ. ಹೂಂ ಅಂದರು, ಹೌದಾ ಅಂದರು. ಬಜಾರಿನಲ್ಲಿ ವ್ಯಾಪಾರವೂ ಚೊಕ್ಕವಾಗಿಯೇ ಆಯಿತು. ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ತಡೆಯಲಾರದೆ ಕೇಳಿಯೇಬಿಟ್ಟೆ: "ಗಾಡಿ ಎತ್ತರ ಮಾಡ್ಸಿದ್ದಕ್ಕ ನನ್ನ ಮ್ಯಾಲೆ ಸಿಟ್ಟೇನ್ರಿ ಅತ್ತಿ?"

ಅವರು ರಸ್ತೆಯನ್ನೇ ನೋಡುತ್ತ ಹೇಳಿದರು: "ಅದಕ್ಯಾಕ ಸಿಟ್ಟು? ಎತ್ತರ ನಾನ ಕೇಳಿ ಇಸ್ಕೊಂಡದ್ದು." ಸೆರಗು ಸರಿಮಾಡಿಕೊಂಡರು. "ಊಟಕ್ಕ ಕುಂತೋರು ರೊಟ್ಟಿ ಒಲ್ಲೆ ಅಂದ್ರ, ನಮ್ಮ ಕಡೆ ಒಂದ ಮಾತಿಗೆ ಬಿಡ್ತಾರೇನವಾ? ಅವತ್ತ ನಾ ಒಲ್ಲೆ ಅಂದೆ. ನೀ ಗಾಡಿ ತಗೊಂಡು ಹೊಂಟ ಬಿಟ್ಟಿ."

ಹಿಂದಿನವನು ಹಾರ್ನ್ ಒತ್ತುತ್ತಿದ್ದ.

"ಅವತ್ತ ಇನ್ನೊಂದ ಸಲ ಕರದಿದ್ರ ಬರ್ತಿದ್ರೇನ್ರಿ?"

"ಬರ್ತಿದ್ದಿಲ್ಲ" ಎಂದರು ಅತ್ತೆ. "ಆದ್ರ ಕರೀಬೇಕಾಗಿತ್ತು."