ಸರಗೂರಜ್ಜಿಯ ರಾಗಿ ಮೂಟೆ

ನಮ್ಮ ಬೀಗಿತ್ತಿಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ಹಸಿರು ಹಚ್ಚೆ ಇತ್ತು. ನಡುವೆ ಒಂದು ತೊಟ್ಟಿಲು, ಅದರ ಸುತ್ತ ಸಾಲು ಸಾಲು ಚುಕ್ಕಿ. ಹುಡುಗಿಯಾಗಿದ್ದಾಗ ಹಾಕಿಸಿಕೊಂಡದ್ದಂತೆ. ಸೂಜಿ ಚುಚ್ಚಿದ್ದು ತಡೆಯಲಾರದೆ ಕಿತ್ತುಕೊಂಡು ಓಡಿದ್ದರಿಂದ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ನನ್ನ ಇಬ್ಬರು ಮೊಮ್ಮಕ್ಕಳೂ ಎಣಿಸಲು ಕಲಿತದ್ದು ಆ ಕೈ ಮೇಲೆ. ಚಿಕ್ಕವಳು ಅವರ ತೊಡೆಯೇರಿ ಕೂತು ಒಂದೊಂದು ಚುಕ್ಕಿಗೂ ಬೆರಳಿಟ್ಟು ಎಣಿಸುತ್ತಾ ಹೋಗುವಳು. ಅರ್ಧ ಸಾಲಿಗೆ ಬಂದಾಗ, ಇಲ್ಯಾಕೆ ಇಲ್ಲ ಎಂದು ದಿನವೂ ಕೇಳುವಳು. ಅವರೂ ದಿನವೂ ಅದನ್ನೇ ಹೇಳುವರು: "ಅಲ್ಲಿಗೆ ಓಡೋದೆ ಕಣವ್ವ. ಓಡೋದ್ರೆ ಅಷ್ಟೇಯ, ಅರ್ಧಕ್ಕೇ ನಿಂತೋಯ್ತದೆ."

ಬೀಗಿತ್ತಿ ಎಂದರೆ ನನ್ನ ಸೊಸೆಯ ತಾಯಿ. ಊರು ಸರಗೂರಿನ ಹತ್ತಿರ, ಅದಕ್ಕೇ ಮಕ್ಕಳ ಬಾಯಲ್ಲಿ ಸರಗೂರಜ್ಜಿ. ನಾನು ಬರೀ ಅಜ್ಜಿ. ನಮ್ಮ ಮನೆ ಇರುವುದು ರಾವಂದೂರಿನಿಂದ ಒಳಗೆ, ಹೊಲದ ಮಧ್ಯೆ. ಹೊಗೆಸೊಪ್ಪು, ರಾಗಿ, ಎರಡು ಹಸು, ಇಷ್ಟೇ ನಮ್ಮ ಪ್ರಪಂಚ. ನಾನು ಓದಿದ್ದು ಮೂರನೇ ಕ್ಲಾಸು. ನನ್ನಂಥವಳ ಮನೆಯ ಜಗಲಿ ಮೂರು ವರ್ಷ ಒಂದು ಇಸ್ಕೂಲಾಗಿತ್ತು ಎಂದು ಬರೆಯುವಾಗ ಈಗಲೂ ಎದೆ ತುಂಬಿ ಬರುತ್ತದೆ.

ದೊಡ್ಡ ಮೊಮ್ಮಗಳನ್ನು ವ್ಯಾನು ಬರುವ ಶಾಲೆಗೆ ಹಾಕಿದ್ದೆವು. ವ್ಯಾನಿನ ಹಾರನ್ನು ಕೇಳಿದರೆ ಸಾಕು, ಮಗು ಹೊಟ್ಟೆ ಹಿಡಿದುಕೊಂಡು ತಿಂದದ್ದನ್ನೆಲ್ಲ ಕಕ್ಕುವುದು. ಹುಣಸೂರಿನ ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ, ಹೆದರಿದ್ದಾಳೆ ಎಂದರು. ಯಾಕೆ ಹೆದರಿದ್ದಳೋ, ಆ ಮಗುವಿಗೂ ಹೇಳಲು ಬರುತ್ತಿರಲಿಲ್ಲ. ಕೊರೋನಾ ಬಂದು ಶಾಲೆ ಮುಚ್ಚಿದ್ದೇ ತಡ, ಕೆನ್ನೆ ತುಂಬಿಕೊಂಡು ಮನೆಯೆಲ್ಲ ಕುಣಿದಳು. ಮತ್ತೆ ಶಾಲೆ ತೆರೆದ ದಿನ ಅದೇ ಹಾರನ್ನು, ಅದೇ ಹೊಟ್ಟೆನೋವು. ನನ್ನ ಸೊಸೆ ಬಿ.ಎ. ಓದಿದವಳು. ಮಗುವಿನ ಬಾಯಿ ಒರೆಸಿ, ಇವಳಿಗೆ ಧೈರ್ಯ ಬರುವ ತನಕ ಮನೆಯಲ್ಲೇ ಓದಿಸುತ್ತೇನೆ ಎಂದಳು. ನನ್ನ ಮಗ ನನ್ನ ಮುಖ ನೋಡಿದ. ನಾನು ಮಗುವಿನ ಮುಖ ನೋಡಿ, ಆಗಲಿ ಎಂದೆ.

ಹೇಳುವುದು ಸುಲಭ. ಒಂದು ಕಡೆ ರಾಗಿ ಕುಯ್ಲು, ಇನ್ನೊಂದು ಕಡೆ ಬೇಯಿಸಿಟ್ಟ ಹೊಗೆಸೊಪ್ಪು ವಿಂಗಡಿಸುವ ಕೆಲಸ. ಸೊಸೆ ಕಲಿಸಲು ಕೂತರೆ ಹೊಲಕ್ಕೆ ಜನವಿಲ್ಲ, ಹೊಲಕ್ಕೆ ಹೋದರೆ ಮಕ್ಕಳು ಕೋಳಿಯ ಹಿಂದೆ. ಕೊನೆಗೆ ಅವಳು ತಾಯಿಗೆ ಫೋನು ಮಾಡಿದಳು. ಬೀಗಿತ್ತಿ ಅಂಗನವಾಡಿಯಲ್ಲಿದ್ದು ನಿವೃತ್ತಿಯಾಗಿದ್ದರು, ಮಕ್ಕಳೆಂದರೆ ಜೀವ. ಮಾರನೇ ದಿನವೇ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಎಂದು ಬಸ್ಸು ಬದಲಿಸಿಕೊಂಡು ಬಂದಿಳಿದರು. ಜೊತೆಯಲ್ಲಿ ಒಂದು ಮೂಟೆ ಹೊಸ ರಾಗಿ.

ಬಸ್ಸಿಂದ ಬಸ್ಸಿಗೆ ಅದನ್ನು ಎತ್ತಿ ಹಾಕಿದ ಕಂಡಕ್ಟರುಗಳು ಏನೆಂದು ಬೈದುಕೊಂಡರೋ. ಮೂಟೆಯನ್ನು ನಡುಮನೆಯ ಮೂಲೆಯಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗಿ ಹೇಳಿದರು: "ಮಗಳ ಮನೇಲಿ ಕೂತ್ಕಂಡು ಉಣ್ಣೋದು ನಮ್ ವಂಶದಲ್ಲೇ ಇಲ್ಲ ಕಣಕ್ಕ. ಈ ಮೂಟೆ ಮುಗಿಯೋಗಂಟ ಇರ್ತೀನಿ. ಮುಗುದ್ ದಿನ ಬಸ್ ಹತ್ತೀನಿ. ಆಮೇಲೆ ಹಿಡ್ಕೋಬಾರ್ದು."

ಬೀಗಿತ್ತಿಗೆ ಮುದ್ದೆ ಇಕ್ಕಲಾರದ ಮನೆಯೇ ನಮ್ಮದು ಎಂದು ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ನನ್ನ ತಾಯಿಯೂ ಹಾಗೇ ಇದ್ದಳು. ನನ್ನನ್ನು ನೋಡಲು ಬಂದರೆ ನೀರು ಕುಡಿದು, ಎಲೆಅಡಿಕೆ ಹಾಕಿಕೊಂಡು, ಸಂಜೆ ಬಸ್ಸಿಗೆ ಎದ್ದುಬಿಡುವಳು. ಕೊಟ್ಟ ಹೆಣ್ಣಿನ ಮನೆಯಲ್ಲಿ ತಳವೂರಿದರೆ ಮಗಳ ಮಾತು ಆ ಮನೆಯಲ್ಲಿ ಹಗುರಾಗುತ್ತದೆ ಎಂದು ಆ ಕಾಲದವರ ಭಯ.

ಅಂತೂ ಶುರುವಾಯಿತು. ಬೆಳಿಗ್ಗೆ ಎದ್ದವರೇ ಮುಖ ತೊಳೆದು ಮೂಟೆಯಿಂದ ಅರ್ಧ ಸೇರು ರಾಗಿ ಅಳೆದು ನಮ್ಮ ಡ್ರಮ್ಮಿಗೆ ಸುರಿಯುವರು. ಆಮೇಲೇ ಕಾಫಿ ಮುಟ್ಟುವುದು. ಕಾಫಿಯಾದ ಮೇಲೆ ಮಕ್ಕಳ ಕೈ ಹಿಡಿದು ಡಾಂಬರು ರಸ್ತೆಗೆ ಹೋಗಿ ನಿಲ್ಲುವರು, ಬಸ್ಸಿನ ಬೋರ್ಡು ಓದುವುದಕ್ಕೆ. ನನ್ನ ದೊಡ್ಡ ಮೊಮ್ಮಗಳು ಕೂಡಿಸಿ ಓದಿದ ಮೊದಲ ಪದ ಹುಣಸೂರು. ಚಿಕ್ಕವಳದು ಕೆ.ಆರ್. ನಗರ, ಅದೂ ಬಸ್ಸು ತಿರುವು ದಾಟಿದ ಮೇಲೆ. ಬಸ್ಸು ನಿಲ್ಲುವುದಿಲ್ಲವಲ್ಲ, ಬೇಗ ಓದಬೇಕು. ಓದಲಾಗದಿದ್ದರೆ ಸರಗೂರಜ್ಜಿ ಗದರುತ್ತಿರಲಿಲ್ಲ. "ಬುಡು, ಸಾಯಂಕಾಲ ವಾಪಸ್ ಬತ್ತದೆ ಅದು," ಎನ್ನುವರು. ಲೆಕ್ಕ ಬಾರದಿದ್ದರೂ ಅದೇ ಮಾತು, ಪದ್ಯ ಮರೆತರೂ ಅದೇ ಮಾತು. ನಮ್ಮ ಮನೆಯಲ್ಲಿ ಅದು ಎಲ್ಲರ ಮಾತಾಯಿತು. ಹಸು ಕಳೆದ ದಿನ ನನ್ನ ಮಗನೂ ಹಾಗೇ ಅಂದು ಹೆಂಡತಿಯ ಹತ್ತಿರ ಬೈಸಿಕೊಂಡ.

ಮಧ್ಯಾಹ್ನ ಊಟವಾದ ಮೇಲೆ ಸೊಸೆ ಒಂದು ಗಳಿಗೆ ಬಂದು ಪುಸ್ತಕ ತೆರೆಯುವಳು, ಇಂಗ್ಲಿಷು ಹೇಳಿಕೊಡುವಳು. ಮಿಕ್ಕ ಹೊತ್ತೆಲ್ಲ ಸರಗೂರಜ್ಜಿಯದು. ಸೊಪ್ಪು ಸೋಸುತ್ತಾ ಮಗ್ಗಿ, ತಲೆ ಬಾಚುತ್ತಾ ಕತೆ. ನಾನು ಒಲೆಯ ಮುಂದೆ ಕೂತು ಎಲ್ಲಕ್ಕೂ ಕಿವಿ ಕೊಡುತ್ತಿದ್ದೆ. ಅರವತ್ತು ದಾಟಿದ ಮೇಲೆ ನನಗೂ ಹನ್ನೆರಡರ ಮಗ್ಗಿ ಬಂತು, ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಇದ್ದಿಲಿನಿಂದ ಅಕ್ಷರ ಬರೆಯುತ್ತಿದ್ದರು. ಶಾಲೆಯ ವ್ಯಾನು ರಸ್ತೆಯಲ್ಲಿ ಹಾರನ್ನು ಹೊಡೆದುಕೊಂಡು ಹೋಯಿತು. ಅವಳು ಕಕ್ಕುವಾಗ ಹಿಡಿಯುತ್ತಿದ್ದ ಬಕೆಟ್ಟಿಗೆ ನನ್ನ ಕೈ ತಾನಾಗೇ ಹೋಯಿತು. ದೊಡ್ಡವಳು ತಲೆಯನ್ನೂ ಎತ್ತಲಿಲ್ಲ. ಳ ಬರೆಯುತ್ತಿದ್ದಳು, ಅದರ ಬಾಲ ಸರಿ ಬಂದಿರಲಿಲ್ಲವೆಂದು ಒರೆಸಿ ಮತ್ತೆ ಬರೆದಳು. ನಾನು ಹಟ್ಟಿಯೊಳಗೆ ಹೋಗಿ ಹಸುವಿನ ಕುತ್ತಿಗೆ ತಬ್ಬಿಕೊಂಡು ಅತ್ತೆ. ಬೇರೆ ಯಾರನ್ನು ತಬ್ಬಿಕೊಳ್ಳುವುದು?

ಆವತ್ತೇ ಮೂಟೆಯನ್ನು ನೋಡಿದೆ. ಸೊಂಟದವರೆಗೆ ಇದ್ದದ್ದು ಮಂಡಿಗೆ ಇಳಿದಿತ್ತು. ಇದು ಮುಗಿದರೆ ಬೀಗಿತ್ತಿ ಬಸ್ಸು ಹತ್ತುತ್ತಾರೆ. ಕಾಲು ಹಿಡಿದರೂ ನಿಲ್ಲುವ ಪೈಕಿಯಲ್ಲ. ಮಗುವಿಗೆ ಈಗ ತಾನೇ ಧೈರ್ಯ ಚಿಗುರುತ್ತಿದೆ. ಅವರು ಮಕ್ಕಳನ್ನು ಕರೆದುಕೊಂಡು ರಸ್ತೆಗೆ ಹೋದದ್ದನ್ನು ನೋಡಿ, ನಮ್ಮ ಡ್ರಮ್ಮಿನಿಂದ ರಾಗಿ ತೋಡಿ ಅವರ ಮೂಟೆಗೆ ಹಾಕಿದೆ. ಆಮೇಲೆ ದಿನವೂ ಅದೇ. ಅವರು ಎದ್ದು ಅಳೆದು ಸುರಿಯುವುದು, ಅವರು ಅತ್ತ ಹೋದರೆ ನಾನು ತೋಡಿ ಹಾಕುವುದು. ಪೂರಾ ಹಾಕಿದರೆ ಸಿಕ್ಕಿಬೀಳುತ್ತೇನೆಂದು ಒಂದು ಹಿಡಿ ಕಮ್ಮಿ. ಒಂದೇ ರಾಗಿ ಮೂಲೆಯಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಮೂಲೆಗೆ ಓಡಾಡಿಕೊಂಡಿತ್ತು. ನನ್ನ ಸಂತೋಷ ಕೇಳಬೇಡಿ, ಸಣ್ಣ ಹುಡುಗಿಯ ಹಾಗೆ ಒಬ್ಬಳೇ ನಗುತ್ತಿದ್ದೆ.

ಮುಂಗಾರು ಮಳೆ ಬಿದ್ದು ಹೊಗೆಸೊಪ್ಪಿನ ಸಸಿ ನೆಡುವ ಹೊತ್ತಿಗೆ ನನ್ನ ವಾರಗಿತ್ತಿ ಬಂದಳು. ಜಗಲಿಯಲ್ಲಿ ಕೂತು, ಬೀಗಿತ್ತಿಗೂ ಮಕ್ಕಳಿಗೂ ಕೇಳುವ ಹಾಗೆ ರಾಗ ತೆಗೆದಳು. "ರಾಗಿ ಕುಯ್ಲಿಗ್ ಬಂದೋರು ಸಸಿ ನಾಟಿಗಂಟ ಅವ್ರಲ್ಲ, ಏನಕ್ಕ, ಸೊಸೆ ಜೊತೆಗೆ ಅವ್ರವ್ವನ್ನೂ ತುಂಬಿಸ್ಕಂಡ್ ಬಂದಿದ್ರಾ?"

ನನ್ನ ಬಾಯಿಗೆ ಬಂದದ್ದನ್ನು ಬೀಗಿತ್ತಿ ಕಣ್ಣಲ್ಲೇ ತಡೆದರು. ಮೂಲೆಯ ಕಡೆ ಕೈ ತೋರಿಸಿ, "ನನ್ ಮೂಟೆ ಇನ್ನೂ ನಿಂತದೆ ಕಣವ್ವ. ಅದು ಮಲೀಕಂಡ್ ದಿನ ನಾನ್ ಏಳ್ತೀನಿ," ಎಂದು ತಣ್ಣಗೆ ಹೇಳಿದರು.

ದೊಡ್ಡ ಮೊಮ್ಮಗಳು ಈ ಮಾತು ಕೇಳಿಸಿಕೊಂಡಿದ್ದಳು. ಅಷ್ಟು ಹೊತ್ತಿಗೆ ಕಳೆಯುವ ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಸರಗೂರಜ್ಜಿ ಯಾವತ್ತು ಹೊರಡುತ್ತಾರೋ ತಿಳಿದುಕೊಳ್ಳಬೇಕೆಂದು ಅವಳಿಗೆ ಹಟ ಹತ್ತಿತು. ಮೂಟೆಯಲ್ಲಿ ಎಷ್ಟು ಸೇರು ತಂದಿದ್ದಿರಿ ಎಂದು ಅವರನ್ನೇ ಕೇಳಿಕೊಂಡಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಹೋಗಿ ಸೇರಿಗೊಂದು ಗೆರೆ ಎಳೆದಳು, ಅವರು ಬಂದ ದಿನದಿಂದ ಲೆಕ್ಕ ಹಿಡಿದು ಎರಡು ದಿನಕ್ಕೊಂದು ಗೆರೆ ಹೊಡೆಯುತ್ತಾ ಬಂದಳು. ಗೆರೆಗಳೆಲ್ಲ ಮುಗಿದುಹೋದವು. ಲೆಕ್ಕದ ಪ್ರಕಾರ ಮೂಟೆ ಯುಗಾದಿ ಆಸುಪಾಸಿಗೇ ಬರಿದಾಗಿರಬೇಕು. ಯುಗಾದಿ ಹೋಗಿ ಎಷ್ಟೋ ದಿನವಾಗಿತ್ತು, ಮೂಟೆಯಲ್ಲಿ ಇನ್ನೂ ಮೊಣಕೈ ಮುಳುಗುವಷ್ಟು ರಾಗಿ. ಅಳಿಸಿ ಮತ್ತೆ ಮಾಡಿದಳು. ಮತ್ತೆ ಅಷ್ಟೇ. ಬ್ಯಾರನ್ನಿನ ಗೋಡೆ ಅವಳ ಎತ್ತರಕ್ಕೆ ಪೂರಾ ಕಪ್ಪಾಯಿತು.

ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ. ಸೊಸೆ ಎತ್ತಿಕೊಂಡು ಬಂದು ಕೂರಿಸಿದಳು. ಮಗು ತಟ್ಟೆ ದೂಡಿ, "ನಂಗ್ ಲೆಕ್ಕ ಬರಾಕಿಲ್ಲ. ನಂಗೇನೂ ಬರಾಕಿಲ್ಲ," ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಆ ಕೈ ನೋಡಿ ನಮಗೆಲ್ಲ ಜೀವ ಹೋದ ಹಾಗಾಯಿತು. ವ್ಯಾನಿನ ಕಾಲದ ಕೈ ಅದು. ಸೊಸೆ ಬಕೆಟ್ಟಿಗೆ ಎದ್ದಳು. ನಾನು ಸೌಟು ಹಿಡಿದು ನಿಂತೇ ಇದ್ದೆ. ನಾನು ಬಾಯಿ ಬಿಟ್ಟರೆ ಬೀಗಿತ್ತಿ ಇವತ್ತೇ ಬಸ್ಸು ಹತ್ತುತ್ತಾರೆ. ಬಿಡದಿದ್ದರೆ ಈ ಮಗು ಸರಿಯಾದ ಲೆಕ್ಕವನ್ನು ತಪ್ಪೆಂದು ನಂಬಿಕೊಂಡು ಬೆಳೆಯುತ್ತದೆ. ಹೋದರೆ ಹೋಗಲಿ, ಹೇಳಿಯೇಬಿಡೋಣವೆಂದು ಸೌಟು ಕೆಳಗಿಟ್ಟೆ.

ಅಷ್ಟರಲ್ಲಿ ಬೀಗಿತ್ತಿ ತಮ್ಮ ತಟ್ಟೆಯ ಮುದ್ದೆ ಮುರಿಯುತ್ತಾ, ತಲೆಯೆತ್ತದೆ ಹೇಳಿದರು. "ನಿನ್ ಲೆಕ್ಕ ಸರಿಯಾಗೇ ಅದೆ ಮಗ. ತೆಗ್ದಿದ್ನೆಲ್ಲ ಕಳ್ದಿದ್ದೀಯ. ಹಾಕಿದ್ನ ಕೂಡ್ನಿಲ್ಲ, ಅಷ್ಟೇಯ. ದಿನಾ ಎಷ್ಟ್ ಹಾಕ್ತಾರೆ ಅಂತ ನಿಮ್ಮಜ್ಜಿನ ಕೇಳು."

ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಮೊದಲ್ನೇ ದಿನವೇ. ನಮ್ ರಾಗಿ ಕೆಂಪಗದೆ, ನಿಮ್ದು ಕಪ್ಪು. ಕಣ್ಣಿಲ್ವ ನಂಗೆ?"

"ಮತ್ತೆ ಯಾಕ್ ಸುಮ್ನಿದ್ರಿ?"

"ಮುಗಿಯೋಗಂಟ ಇರ್ತೀನಿ ಅಂದಿದ್ದೆ ಕಣಕ್ಕ. ಮುಗೀನಿಲ್ಲ. ನಾನ್ಯಾಕ್ ಮಾತ್ ತಪ್ಲಿ?"

ಮೊದಲು ನಕ್ಕಿದ್ದು ಸೊಸೆ. ಆಮೇಲೆ ಯಾರು ನಕ್ಕರು, ಯಾರು ಅತ್ತರು ಹೇಳಲಾರೆ. ಮಗು ಮಾತ್ರ ಎದ್ದು, ಎಷ್ಟು ಹಾಕುತ್ತಿದ್ದೆ ಅಜ್ಜಿ ಎಂದು ಗಂಭೀರವಾಗಿ ಕೇಳಿತು. ಅರ್ಧ ಸೇರಿಗೆ ಒಂದು ಹಿಡಿ ಕಮ್ಮಿ ಎಂದೆ. ಇದ್ದಿಲು ಹಿಡಿದು ಗೋಡೆಗೆ ಓಡಿತು. ವಾಪಸ್ಸು ಬಂದು ಎರಡು ಮುದ್ದೆ ಉಂಡಿತು.

ಆಮೇಲೆ ಕದ್ದು ಹಾಕುವುದು ನಿಂತಿತು. ಎದುರಿಗೇ ಹಾಕುತ್ತಿದ್ದೆ. ನಾನು ಡ್ರಮ್ಮು ತೆರೆದ ಸದ್ದಾದರೆ ಬೀಗಿತ್ತಿ ಗೋಡೆ ಕಡೆ ತಿರುಗಿ ಕೂತು, ಏನೂ ಕಾಣದವರ ಹಾಗೆ ಮಕ್ಕಳಿಗೆ ಮಗ್ಗಿ ಹೇಳಿಸುವರು. ಹೀಗೆ ಮೂರು ವರ್ಷ. ದೊಡ್ಡವಳು ಒಂದು ದಿನ ತಾನಾಗಿ, ನಾನು ಶಾಲೆಗೆ ಹೋಗುತ್ತೇನೆ ಎಂದಳು. ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಸೇರಿದಳು, ತಂಗಿಯನ್ನೂ ಕೈ ಹಿಡಿದು ಕರೆದುಕೊಂಡು ಹೋದಳು. ಇಬ್ಬರೂ ತಿರುವು ದಾಟುವ ತನಕ ಬೀಗಿತ್ತಿ ರಸ್ತೆಯಲ್ಲಿ ನಿಂತಿದ್ದರು. ಒಳಗೆ ಬಂದು ಮೂಟೆಯಲ್ಲಿ ಉಳಿದಿದ್ದ ರಾಗಿಯನ್ನೆಲ್ಲ ಒಂದೇ ಸಲ ನಮ್ಮ ಡ್ರಮ್ಮಿಗೆ ಸುರಿದರು. ಚೀಲ ಕೊಡವಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡರು. "ಮುಗೀತು ಕಣಕ್ಕ," ಎಂದರು. ಹಿಡಿದುಕೊಳ್ಳಬಾರದು ಎಂದಿದ್ದರಲ್ಲ, ಹಿಡಿದುಕೊಳ್ಳಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದ ಸುದ್ದಿ ಬಂತು. ಶಾಲೆಗೆ ರಜೆಯಿತ್ತು. ದೊಡ್ಡವಳನ್ನು ಕರೆದುಕೊಂಡು ಹೊರಟೆ, ಜೊತೆಯಲ್ಲಿ ಒಂದು ಮೂಟೆ ರಾಗಿ. ಅವರ ಮಗನ ಮನೆಯ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ಇದು ಮುಗಿಯುವ ತನಕ ಇರುತ್ತೇನೆ ಎಂದೆ. ಬೀಗಿತ್ತಿ ಮಲಗಿದ್ದಲ್ಲೇ ಕೆಮ್ಮು ಬರುವಷ್ಟು ನಕ್ಕರು. ಬಡವಾದ ಆ ಕೈಯಲ್ಲಿ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಂತೆ ಹತ್ತಿರ ಬಂದಿದ್ದವು.

ನಾನು ಬೆಳಿಗ್ಗೆ ಎದ್ದು ಅಳೆದು ಅವರ ಡ್ರಮ್ಮಿಗೆ ಸುರಿಯುವೆ. ಮೊಮ್ಮಗಳು ಅವರ ಪಕ್ಕ ಕೂತು ಪೇಪರು ಓದಿ ಹೇಳುವಳು. ಒಂದು ದಿನ ಮೂಟೆಗೆ ಕೈ ಹಾಕಿದರೆ, ಕಪ್ಪು ರಾಗಿಯ ಮೇಲೆ ಕೆಂಪು ರಾಗಿ. ತಿರುಗಿ ನೋಡಿದೆ. ಮೊಮ್ಮಗಳು ಪೇಪರಿನಿಂದ ತಲೆಯೆತ್ತಲಿಲ್ಲ. ಬೀಗಿತ್ತಿ ಗೋಡೆ ಕಡೆ ಮುಖ ಮಾಡಿದ್ದರು, ಭುಜ ಮಾತ್ರ ಅಲುಗುತ್ತಿತ್ತು. ನಾನೂ ಕಾಣದವಳ ಹಾಗೆ ಅಳೆದು ಸುರಿದೆ.

ಅವರು ಹೋದದ್ದು ಒಂದು ಬೆಳಗಿನ ಹೊತ್ತು, ಮಗು ಓದುತ್ತಿದ್ದಾಗ. ತಿಥಿಯ ಕೆಲಸವೆಲ್ಲ ಕಳೆದ ಮಾರನೇ ದಿನ ನಾನು ಹೊರಡಲೆಂದು ಮೂಟೆಯ ಬಾಯಿ ಕಟ್ಟುತ್ತಿದ್ದೆ. ಅವರ ಮಗ ಬಂದು, ನನ್ನ ಕೈಯಿಂದ ದಾರ ತೆಗೆದುಕೊಂಡ. "ಇನ್ನೂ ಮುಗ್ದಿಲ್ವಲ್ಲ ಅತ್ತೆ," ಎಂದ.

ನಾನು ಹೊತ್ತು ತಂದ ಮೂಟೆಯನ್ನು ಮತ್ತೆ ಆ ಮೂಲೆಯಲ್ಲೇ ನಿಲ್ಲಿಸಿದೆ.